ಟೆಕ್ಸಾಸಿನಲ್ಲಿ ಸಾರಿಲ್ಲದ ಬಾಡೂಟ

ಟೆಕ್ಸಾಸಿನ ಬಾರ್ಬೆಕ್ಯೂ ಹೋಟೆಲಿನಲ್ಲಿ, ಅಂದರೆ ಕಟ್ಟಿಗೆಯ ಹೊಗೆಯಲ್ಲಿ ಬೇಯಿಸಿದ ಮಾಂಸ ಮಾರುವ ಕಡೆ, ಊಟ ಪ್ಲೇಟಿನ ಲೆಕ್ಕದಲ್ಲಿ ಸಿಗುವುದಿಲ್ಲ, ತೂಕದ ಲೆಕ್ಕದಲ್ಲಿ ಸಿಗುತ್ತದೆ. ಗೋಡೆ ಮೇಲೆ ಒಂದು ಬೋರ್ಡು. ಬ್ರಿಸ್ಕೆಟ್ (ದನದ ಎದೆಮಾಂಸ) ಪೌಂಡಿಗೆ ಇಷ್ಟು, ಟರ್ಕಿ ಕೋಳಿ ಇಷ್ಟು, ಹಂದಿ ಪಕ್ಕೆಲುಬು ಇಷ್ಟು, ಸಾಸೇಜ್ ಒಂದಕ್ಕೆ ಇಷ್ಟು. ಕೆಲವು ಸಾಲಿನ ಮೇಲೆ ಆಗಲೇ ಅಡ್ಡಗೆರೆ ಬಿದ್ದಿರುತ್ತದೆ. ಅಂದರೆ ಖಾಲಿ. ಹನ್ನೆರಡೂವರೆಗೆ ಹೋದರೆ ಪಕ್ಕೆಲುಬು ಮುಗಿದಿರುತ್ತದೆ, ಎರಡು ಗಂಟೆಗೆ ಹೋದರೆ ಬ್ರಿಸ್ಕೆಟ್ಟೂ ಇರುವುದಿಲ್ಲ. ಇನ್ನೊಂದು ಸ್ವಲ್ಪ ಮಾಡಿಕೊಡಿ ಅಂತ ಕೇಳುವ ಹಾಗಿಲ್ಲ. ಇನ್ನೊಂದು ಸ್ವಲ್ಪ ಮಾಡುವುದಕ್ಕೆ ಅವರಿಗೆ ನಾಳೆ ಬೆಳಗಿನವರೆಗೆ ಟೈಮ್ ಬೇಕು.

ಕೌಂಟರಿನ ಆಚೆ ಗ್ಲೌಸ್ ಹಾಕಿಕೊಂಡು, ಉದ್ದ ಚಾಕು ಹಿಡಿದು ಒಬ್ಬರು ನಿಂತಿರುತ್ತಾರೆ. ನಾವು ಅರ್ಧ ಪೌಂಡ್ ಅಂದರೆ, ಕೊಬ್ಬಿರೋದು ಬೇಕಾ, ಇಲ್ಲದ್ದು ಬೇಕಾ ಅಂತ ಕೇಳುತ್ತಾರೆ. ಕೊಬ್ಬಿರುವುದನ್ನೇ ಹೇಳಿ, ಕಣ್ಣು ಮುಚ್ಚಿಕೊಂಡು ಹೇಳಿ. ಆಮೇಲೆ ಅವರು ಇದ್ದಿಲಿನಷ್ಟು ಕಪ್ಪಗಿರುವ ಒಂದು ದೊಡ್ಡ ಮುದ್ದೆಯನ್ನು ಮರದ ಹಲಗೆ ಮೇಲೆ ಇಟ್ಟು, ನಾರಿಗೆ ಅಡ್ಡಲಾಗಿ ಹೋಳು ಕೊಯ್ಯುತ್ತಾರೆ. ಹೊರಗೆ ಕಪ್ಪು ಸಿಪ್ಪೆ, ಅದರ ಕೆಳಗೆ ಬೆರಳುಗುರಿನ ಅಗಲಕ್ಕೆ ಗುಲಾಬಿ ಬಣ್ಣದ ಪಟ್ಟಿ, ಒಳಗೆ ಕಂದು ಮಾಂಸ. ಚಾಕು ಒತ್ತಿದ ಕಡೆ ರಸ ಹಲಗೆ ಮೇಲೆ ಹರಿಯುತ್ತದೆ. ತಕ್ಕಡಿ ಮೇಲೆ ಕಾಗದ, ಕಾಗದದ ಮೇಲೆ ಮಾಂಸ. ತೂಕ ಆದ ಮೇಲೆ ಅದೇ ಕಾಗದವನ್ನು ಟ್ರೇಗೆ ಜಾರಿಸಿ ಕೈಗೆ ಕೊಡುತ್ತಾರೆ. ತಟ್ಟೆ ಅಂತ ಬೇರೆ ಇಲ್ಲ. ಮೇಜಿನ ಮೇಲೆ ಪೇಪರ್ ಟವೆಲಿನ ರೋಲ್ ಒಂದು ಇರುತ್ತದೆ. ವೇಟರ್ ಇಲ್ಲ, ಮೆನು ಪುಸ್ತಕ ಇಲ್ಲ, ಹಿನ್ನೆಲೆ ಸಂಗೀತ ಇದ್ದರೂ ಹಳೇ ರೇಡಿಯೋ ಮಟ್ಟದ್ದು. ಕೆಲವು ಹಳೆಯ ಕಡೆ ಊಟದ ಹಾಲಿನಲ್ಲೇ ಕೈ ತೊಳೆಯುವ ಬೇಸಿನ್ ಇರುತ್ತದೆ. ಅಮೆರಿಕದಲ್ಲಿ ಬೇರೆ ಯಾವ ಥರದ ಹೋಟೆಲಿನಲ್ಲೂ ನಾನು ಅದನ್ನು ನೋಡಿಲ್ಲ.

ನಾನು ಆಸ್ಟಿನ್‌ನಲ್ಲಿರುವವನು. ಊರಿಂದ ಬಂದವರು, ಬೇರೆ ರಾಜ್ಯದ ಸ್ನೇಹಿತರು, ಯಾರೇ ಬಂದರೂ "ಬಾರ್ಬೆಕ್ಯೂಗೆ ಕರ್ಕೊಂಡು ಹೋಗು" ಅನ್ನುತ್ತಾರೆ. ಕರೆದುಕೊಂಡು ಹೋದರೆ ಮೊದಲು ಅವರ ಮುಖದಲ್ಲಿ ಕಾಣುವುದು ಸಣ್ಣ ನಿರಾಸೆ. ಮಡಚುವ ಕುರ್ಚಿ, ತಗಡಿನ ಶೀಟು, ಕಾಗದದ ಮೇಲೆ ಊಟ. ಇದಕ್ಕಾ ಇಷ್ಟು ಹೆಸರು? ಇಷ್ಟು ದುಡ್ಡು? ಅವರದ್ದು ನ್ಯಾಯವಾದ ಪ್ರಶ್ನೆಯೇ. ನನಗೆ ಅನ್ನಿಸುವುದು ಇಷ್ಟು: ಇಲ್ಲಿಯ ಸಲೀಸು ಎಲ್ಲ ಕೌಂಟರಿನ ಈಚೆ ಕಡೆಗೆ ಮಾತ್ರ. ಆಚೆ ಕಡೆ ನಡೆಯುವ ಕೆಲಸದಲ್ಲಿ ಒಂದು ಚೂರೂ ಸಡಿಲ ಇಲ್ಲ. ನಾವು ಒಳಗೆ ಕಾಲಿಡುವ ಹೊತ್ತಿಗೆ ಆ ಕೆಲಸ ಮುಗಿದುಹೋಗಿರುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ಬ್ರಿಸ್ಕೆಟ್ ಅಂದರೆ ದನದ ಎದೆಯ ಮಾಂಸ. ಮುಂಗಾಲುಗಳ ನಡುವೆ ದೇಹದ ಅರ್ಧಕ್ಕಿಂತ ಹೆಚ್ಚು ಭಾರ ಹೊರುವ ಸ್ನಾಯು. ಅದಕ್ಕೇ ಗಟ್ಟಿ. ಬೇಗ ಬೇಯಿಸಿದರೆ ಚಪ್ಪಲಿ ಅಗಿದ ಹಾಗಿರುತ್ತದೆ, ಹಾಗಾಗಿ ಒಂದು ಕಾಲದಲ್ಲಿ ತೀರಾ ಅಗ್ಗವಾಗಿತ್ತು. ಮಧ್ಯ ಟೆಕ್ಸಾಸಿನವರು ಇದಕ್ಕೆ ಹಚ್ಚುವುದು ಉಪ್ಪು ಮತ್ತು ಒರಟಾಗಿ ಒಡೆದ ಕಾಳುಮೆಣಸು, ಅಷ್ಟೇ. (ಆ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. ಈಗ ಜಗತ್ತಿಗೆ ಹೆಚ್ಚು ಮೆಣಸು ಕಳಿಸುವುದು ವಿಯೆಟ್ನಾಂ. ಆದರೂ ನನಗೆ ಸುಮ್ನೆ ಒಂದು ಹೆಮ್ಮೆ.) ಆಮೇಲೆ ಪಿಟ್‌ಗೆ, ಅಂದರೆ ಹೊಗೆ ಒಲೆಗೆ, ಹಾಕುತ್ತಾರೆ. ಈಗಿನ ಪಿಟ್‌ಗಳಲ್ಲಿ ಬಹಳಷ್ಟು 1000 ಗ್ಯಾಲನ್ನಿನ ಹಳೇ ಗ್ಯಾಸ್ ಟ್ಯಾಂಕನ್ನು ಕತ್ತರಿಸಿ ಮಾಡಿದ್ದು. ಒಂದು ತುದಿಯಲ್ಲಿ ಬೆಂಕಿ ಉರಿಸುವ ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಚಿಮಣಿ. ನಡುವೆ ಮಾಂಸ. ಬೆಂಕಿ ಮಾಂಸಕ್ಕೆ ತಾಗುವುದಿಲ್ಲ. ಬಿಸಿ ಗಾಳಿ ಮತ್ತು ಹೊಗೆ ಅದರ ಮೇಲೆ ಹಾದು ಹೋಗುತ್ತವೆ. ಕಟ್ಟಿಗೆ ಇಲ್ಲೇ ಬೆಳೆಯುವ ಪೋಸ್ಟ್ ಓಕ್ ಮರದ್ದು, ತಿಂಗಳುಗಟ್ಟಲೆ ಒಣಗಿಸಿದ್ದು. ಪಿಟ್ ಒಳಗಿನ ಬಿಸಿ ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್. ಹೊತ್ತು 12ರಿಂದ 16 ಗಂಟೆ.

ಇಷ್ಟು ಹೊತ್ತು ಬೆಂಕಿಯನ್ನು ಅದರ ಪಾಡಿಗೆ ಬಿಡುವ ಹಾಗಿಲ್ಲ. ಮುಕ್ಕಾಲು ಗಂಟೆಗೋ ಗಂಟೆಗೋ ಒಂದೊಂದು ಕೊರಡು ಹಾಕುತ್ತಾ ಇರಬೇಕು. ಚಿಮಣಿಯಿಂದ ತೆಳ್ಳಗೆ, ನೀಲಿ ಛಾಯೆಯ ಹೊಗೆ ಬರುತ್ತಿದ್ದರೆ ಸರಿ. ದಟ್ಟ ಬಿಳಿ ಹೊಗೆ ಬಂತು ಅಂದರೆ ಕಟ್ಟಿಗೆ ಸರಿಯಾಗಿ ಉರಿಯುತ್ತಿಲ್ಲ, ಮಾಂಸ ಕಹಿಯಾಗುತ್ತದೆ. ಇದರ ನಡುವೆ ಒಂದು ವಿಚಿತ್ರ ನಡೆಯುತ್ತದೆ. ಮಾಂಸದ ಒಳಗಿನ ಬಿಸಿ ಏರುತ್ತಾ ಏರುತ್ತಾ 65–75 ಡಿಗ್ರಿ ಹತ್ತಿರ ಬಂದು ನಿಂತುಬಿಡುತ್ತದೆ. ಗಂಟೆಗಟ್ಟಲೆ ಮುಂದೆ ಹೋಗುವುದಿಲ್ಲ. ಬೆಂಕಿ ಉರಿಯುತ್ತಲೇ ಇರುತ್ತದೆ, ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ಕಾರಣ ಇಷ್ಟೇ: ಮಾಂಸ ಬೆವರುತ್ತಿದೆ. ಒಳಗಿನ ನೀರು ಮೇಲೆ ಬಂದು ಆವಿಯಾಗುವಾಗ ಮಾಂಸವನ್ನು ತಂಪು ಮಾಡುತ್ತದೆ. ಬೆಂಕಿ ಕೊಡುವ ಶಾಖವನ್ನೆಲ್ಲ ಬೆವರು ತಿಂದುಹಾಕುತ್ತದೆ. ಹೊಸಬರು ಇಲ್ಲೇ ಗಾಬರಿಯಾಗಿ ಉರಿ ಜಾಸ್ತಿ ಮಾಡಿ ಕೆಡಿಸುವುದು. ತಿಳಿದವರು ಕಾಯುತ್ತಾರೆ, ಇಲ್ಲವೇ ದಪ್ಪ ಕಾಗದದಲ್ಲಿ ಸುತ್ತಿ ಮತ್ತೆ ಒಳಗಿಡುತ್ತಾರೆ. ಅಷ್ಟರಲ್ಲಿ ಗಟ್ಟಿ ನಾರೆಲ್ಲ ಮೆಲ್ಲಗೆ ಕರಗಿ ಜೆಲ್ಲಿಯಾಗುತ್ತದೆ. 95 ಡಿಗ್ರಿ ಹತ್ತಿರ ಬಂದಾಗ ಕಡ್ಡಿ ಚುಚ್ಚಿದರೆ ತಡೆಯೇ ಇಲ್ಲದೆ ಇಳಿಯಬೇಕು. ಆಮೇಲೂ ಕೊಯ್ಯುವುದಿಲ್ಲ. ಕೆಲವು ಗಂಟೆ ಬೆಚ್ಚಗೆ ಮಲಗಿಸುತ್ತಾರೆ.

ಆ ಗುಲಾಬಿ ಪಟ್ಟಿ ನೋಡಿ ಬಹಳ ಜನ "ಬೆಂದಿಲ್ಲ" ಅಂದುಕೊಳ್ಳುತ್ತಾರೆ. ಬೆಂದಿದೆ. ಕಟ್ಟಿಗೆ ಉರಿಯುವಾಗ ಹುಟ್ಟುವ ಅನಿಲಗಳು ಮಾಂಸದ ಕೆಂಪನ್ನು ಹಿಡಿದು ನಿಲ್ಲಿಸುತ್ತವೆ, ಅಷ್ಟೇ. ನೋಡುವುದಕ್ಕೆ ಚೆನ್ನ, ರುಚಿಗೆ ಸಂಬಂಧ ಇಲ್ಲ.

ಈ ಹೋಟೆಲುಗಳು ಹುಟ್ಟಿದ್ದು ಹೋಟೆಲುಗಳಾಗಿ ಅಲ್ಲ, ಮಾಂಸದ ಅಂಗಡಿಗಳಾಗಿ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯಿಂದ, ಚೆಕ್ ಸೀಮೆಯಿಂದ ಬಂದ ಕಟುಕರು ಮಧ್ಯ ಟೆಕ್ಸಾಸಿನ ಸಣ್ಣ ಊರುಗಳಲ್ಲಿ ಅಂಗಡಿ ಇಟ್ಟರು. ಫ್ರಿಜ್ ಇಲ್ಲದ ಕಾಲ. ಮಾರಾಟವಾಗದೆ ಉಳಿದ ತುಂಡುಗಳನ್ನು ಹಿತ್ತಲಲ್ಲಿ ಹೊಗೆ ಹಾಕಿ ಬೇಯಿಸಿದರು, ಚೂರುಪಾರನ್ನು ಸಾಸೇಜ್ ಮಾಡಿದರು. ಹತ್ತಿ ಬಿಡಿಸುವುದಕ್ಕೆ ಬಂದ ಕೂಲಿಗಳು, ಹೆಚ್ಚಿನವರು ಕರಿಯರು ಮತ್ತು ಮೆಕ್ಸಿಕನ್ನರು, ಅದನ್ನು ಕೊಂಡು, ಕಾಗದ ಬಿಚ್ಚಿ ಅಲ್ಲೇ ತಿಂದರು. ಕಾಗದ, ತೂಕ ಎಲ್ಲ ಅಲ್ಲಿಂದ ಬಂದದ್ದು. ಇವತ್ತು ಹೊಸ ಹೋಟೆಲಿನವರು ಇದನ್ನೇ ಶೈಲಿ ಅಂತ ಇಟ್ಟುಕೊಂಡಿದ್ದಾರೆ. ಆಗ ಅದು ಬಡತನ.

ಆಸ್ಟಿನ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಲಾಕ್‌ಹಾರ್ಟ್. ಟೆಕ್ಸಾಸಿನ ಬಾರ್ಬೆಕ್ಯೂ ರಾಜಧಾನಿ ಅಂತ ರಾಜ್ಯದ ಶಾಸನಸಭೆಯೇ 1999ರಲ್ಲಿ ಒಪ್ಪಿಕೊಂಡ ಊರು. ಅಲ್ಲಿಯ ಬ್ಲ್ಯಾಕ್ಸ್ ಹೋಟೆಲ್ 1932ರಿಂದ ಒಂದೇ ಕುಟುಂಬದ ಕೈಯಲ್ಲಿದೆ. ಕ್ರೈಟ್ಸ್ ಮಾರ್ಕೆಟ್ 1900ರಲ್ಲಿ ಶುರುವಾದದ್ದು. ಅದನ್ನು ಆಮೇಲೆ ಕೊಂಡ ಶ್ಮಿಟ್ ಕುಟುಂಬದಲ್ಲಿ ಅಪ್ಪನಿಂದ ಕಟ್ಟಡ ಮಗಳಿಗೆ, ವ್ಯಾಪಾರ ಗಂಡುಮಕ್ಕಳಿಗೆ ಹೋಯಿತು. ಆಸ್ತಿ ಭಾಗದ ಕಥೆ ಎಲ್ಲಾ ಊರಲ್ಲೂ ಒಂದೇ, ಬಿಡಿ. 1999ರಲ್ಲಿ ಕ್ರೈಟ್ಸ್ ಹೆಸರು ಸ್ವಲ್ಪ ದೂರದ ಹೊಸ ದೊಡ್ಡ ಕಟ್ಟಡಕ್ಕೆ ಹೋಯಿತು. ಹಳೇ ಒಲೆಯ ಕೆಂಡವನ್ನು ತೊಟ್ಟಿಯಲ್ಲಿ ತುಂಬಿ, ರಸ್ತೆ ಮೇಲೆ ಎಳೆದುಕೊಂಡು ಹೋಗಿ ಹೊಸ ಒಲೆ ಹೊತ್ತಿಸಿದರು. ಮಗಳು ಹಳೇ ಕಟ್ಟಡದಲ್ಲೇ ಅಪ್ಪನ ಹೆಸರಲ್ಲಿ ಸ್ಮಿಟೀಸ್ ಅಂತ ಶುರು ಮಾಡಿದಳು.

ನನಗೆ ಹೊಸದಕ್ಕಿಂತ ಸ್ಮಿಟೀಸ್ ಕಟ್ಟಡವೇ ಇಷ್ಟ. ಹಿಂಬಾಗಿಲಿಂದ ಒಳಗೆ ಹೋದರೆ ಇಟ್ಟಿಗೆಯ ಉದ್ದನೆ ಒಲೆ, ಅದರ ಬಾಯಿಯಲ್ಲಿ ನೆಲದ ಮೇಲೇ ಕೊರಡುಗಳು ಉರಿಯುತ್ತಿರುತ್ತವೆ. ಅಡ್ಡ ಬೇಲಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಸರದಿ ನಿಲ್ಲುವುದು ಆ ಬೆಂಕಿಯ ಪಕ್ಕದಲ್ಲಿ. ಆಗಸ್ಟ್ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇದ್ದಾಗ ಅಲ್ಲಿ ನಿಂತರೆ ಬೇಯುತ್ತಿರುವುದು ಮಾಂಸವೋ ನಾವೋ ಗೊತ್ತಾಗುವುದಿಲ್ಲ. ಗೋಡೆಗಳು ಎಷ್ಟೋ ದಶಕಗಳ ಮಸಿ ಹಿಡಿದು ಕಪ್ಪು. ಹಿಂದೆ ಮೇಜುಗಳಿಗೆ ಚಾಕುಗಳನ್ನು ಸರಪಳಿ ಹಾಕಿ ಕಟ್ಟಿರುತ್ತಿದ್ದರು, ಬಂದವರು ಅದರಲ್ಲೇ ಕೊಯ್ದು ತಿಂದು ಹೋಗುತ್ತಿದ್ದರು. ಫೋರ್ಕ್ ಇಲ್ಲ, ಸಾಸ್ ಇಲ್ಲ. ಕ್ರೈಟ್ಸ್‌ನವರು ಬಹಳ ಕಾಲ ಈ ಎರಡು ಇಲ್ಲಗಳನ್ನು ಬೋರ್ಡಿನಲ್ಲೇ ಬರೆದು ಹಾಕಿದ್ದರು. ಈಚೆಗೆ ಅಲ್ಲೂ ಸಾಸ್ ಬಂದಿದೆ. ಗಿರಾಕಿ ಕೇಳಿದರೆ ಏನು ಮಾಡುತ್ತಾರೆ ಪಾಪ.

ಟೇಲರ್ ಅನ್ನುವ ಊರು ಇನ್ನೊಂದು ದಿಕ್ಕಿನಲ್ಲಿದೆ. ಅಲ್ಲಿಯ ಲೂಯಿ ಮ್ಯೂಲರ್ ಹೋಟೆಲ್ 1949ರದ್ದು. ಒಳಗೆ ಒಂದು ಗೋಡೆಗೆ ಜನ ತಮ್ಮ ವಿಸಿಟಿಂಗ್ ಕಾರ್ಡ್ ಚುಚ್ಚಿ ಹೋಗಿದ್ದಾರೆ. ಹೊಸ ಕಾರ್ಡು ಬಿಳಿ, ಹಳೆಯದು ಹೊಗೆ ಕುಡಿದು ಚಹಾ ಬಣ್ಣ, ಇನ್ನೂ ಹಳೆಯದರಲ್ಲಿ ಹೆಸರು ಓದುವುದಕ್ಕೂ ಆಗುವುದಿಲ್ಲ. ಕೌಂಟರಿಗೆ ಹೋದಾಗ ಆರ್ಡರ್ ಹೇಳುವ ಮೊದಲೇ ಒಂದು ಸುಟ್ಟ ಅಂಚಿನ ಚೂರನ್ನು ರುಚಿ ನೋಡಿ ಅಂತ ಕೊಡುತ್ತಾರೆ. ಟೇಲರ್‌ನಲ್ಲಿ ಸ್ಯಾಮ್‌ಸಂಗ್ ಚಿಪ್ ಕಾರ್ಖಾನೆ ಕಟ್ಟುತ್ತೇವೆ ಅಂತ 2021ರಲ್ಲಿ ಹೇಳಿತು, 17 ಬಿಲಿಯನ್ ಡಾಲರಿನ ಯೋಜನೆ. ಹಾಗಾಗಿ ಆ ಊರಿನ ಸುತ್ತ ಈಗ ಕನ್ನಡ, ತೆಲುಗು ಕಿವಿಗೆ ಬೀಳುವುದು ಆಶ್ಚರ್ಯವಲ್ಲ. ಮಧ್ಯಾಹ್ನದ ಊಟದ ಸಾಲಿನಲ್ಲಿ ಕೌಬಾಯ್ ಟೋಪಿಯವರ ಹಿಂದೆ ಆಫೀಸ್ ಬ್ಯಾಡ್ಜ್ ನೇತುಹಾಕಿಕೊಂಡ ನಮ್ಮವರು.

ನಮ್ಮವರು ಅಂದಮೇಲೆ ಯಾರು ಏನು ತಿನ್ನುತ್ತಾರೆ ಅನ್ನುವ ಪ್ರಶ್ನೆ ಬರಲೇಬೇಕು. ನಾನು ಬೀಫ್ ತಿನ್ನುತ್ತೇನೆ. ಹೆಂಡತಿ ತಿನ್ನುವುದಿಲ್ಲ. ಆಫೀಸಿನ ಗೆಳೆಯರಲ್ಲಿ ಮೂರನೇ ಒಂದು ಪಾಲು ಶುದ್ಧ ಸಸ್ಯಾಹಾರಿಗಳು. ಒಂದೇ ಮೇಜಿನಲ್ಲಿ ಎಲ್ಲರೂ ಕೂರುತ್ತೇವೆ, ಯಾರೂ ಯಾರ ಟ್ರೇಗೂ ಮೂಗು ತೂರಿಸುವುದಿಲ್ಲ. ಬೀಫ್ ಬೇಡದವರು ಟರ್ಕಿ, ಕೋಳಿ, ಹಂದಿ ಪಕ್ಕೆಲುಬಿಗೆ ಹೋಗಬಹುದು. ಸಾಸೇಜ್ ಮಾತ್ರ ಕೇಳಿಯೇ ತೆಗೆದುಕೊಳ್ಳಬೇಕು, ಇಲ್ಲಿಯ ಹಳೇ ಕಡೆಗಳಲ್ಲಿ ಅದು ಹೆಚ್ಚುಪಾಲು ಬೀಫ್. ಸಸ್ಯಾಹಾರಿಗಳಿಗೆ ದೊಡ್ಡ ಬಲೆ ಬೀನ್ಸ್. ನೋಡುವುದಕ್ಕೆ ಹುರುಳಿಕಾಳಿನ ಪಲ್ಯದಷ್ಟು ಸಾಧು, ಒಳಗೆ ಬ್ರಿಸ್ಕೆಟ್ ಚೂರೋ ಹಂದಿ ಕೊಬ್ಬೋ ಇರುತ್ತದೆ. ಆಲೂಗಡ್ಡೆ ಸಲಾಡ್, ಕೋಸಿನ ಸಲಾಡ್, ಚೀಸ್ ಹಾಕಿದ ಮ್ಯಾಕರೋನಿ, ಇಷ್ಟರಲ್ಲಿ ಅವರ ಊಟ ಮುಗಿಯಬೇಕು. ನಿಜ ಹೇಳಬೇಕೆಂದರೆ ಅವರಿಗೆ ಇದು ಹೋಟೆಲೇ ಅಲ್ಲ. ಸ್ನೇಹಕ್ಕೆ ಬರುತ್ತಾರೆ, ಬನಾನಾ ಪುಡ್ಡಿಂಗ್ ಎರಡು ಸಲ ತಿನ್ನುತ್ತಾರೆ.

ಮಂಡ್ಯ ಕಡೆಯ ನಮ್ಮ ದೊಡ್ಡಪ್ಪ ಬಂದಾಗ ಕರೆದುಕೊಂಡು ಹೋಗಿದ್ದೆ. ಬನ್ನೂರು ಕುರಿ ಬಿಟ್ಟರೆ ಬೇರೆ ಮಾಂಸ ಮಾಂಸವಲ್ಲ ಅನ್ನುವ ಮನುಷ್ಯ. ಬೀಫ್ ಮುಟ್ಟುವುದಿಲ್ಲ, ಹಂದಿಗೆ ಅಡ್ಡಿಯಿಲ್ಲ. ಪಕ್ಕೆಲುಬು ಮತ್ತು ಟರ್ಕಿ ತಂದು ಮುಂದಿಟ್ಟೆ. ಒಂದು ಪಕ್ಕೆಲುಬು ಕೈಗೆ ತೆಗೆದುಕೊಂಡು ಮೂಳೆ ಬಿಳಿಯಾಗುವವರೆಗೂ ಮಾತಾಡಲಿಲ್ಲ. ಆಮೇಲೆ ಟ್ರೇ ಎತ್ತಿ ಕೆಳಗೆ ನೋಡಿದರು.

"ಬಾಡೇನೋ ಚೆನ್ನಾಗದೆ ಕಣ್ಲಾ. ಸಾರೆಲ್ಲಿ?"

"ಇಲ್ಲಿ ಸಾರು ಮಾಡಲ್ಲ ದೊಡ್ಡಪ್ಪ."

"ಮತ್ತೆ ಇದನ್ನ ಯಾತರ ಜೊತೆಗೆ ತಿನ್ನೋದು?"

ಬಿಳಿ ಬ್ರೆಡ್ ತೋರಿಸಿದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿ ವಾಪಸ್ ಇಟ್ಟರು. ಸಾಸ್ ಬಾಟಲಿ ಕೊಟ್ಟರೆ ಒಂದು ಹನಿ ನೆಕ್ಕಿ, "ಬೆಲ್ಲದ ಪಾನಕ" ಅಂದರು. ಅವರು ಆ ಊಟವನ್ನು ಒಪ್ಪಿಕೊಂಡದ್ದು ಹಿತ್ತಲಿಗೆ ಹೋದ ಮೇಲೆ. ಪಿಟ್ ನೋಡಿಕೊಳ್ಳುವ ಹುಡುಗ ಬೆಂಕಿ ಉರಿಸುವ ಪೆಟ್ಟಿಗೆಯ ಬಾಗಿಲು ತೆಗೆದು ಕೊರಡು ತಳ್ಳುತ್ತಿದ್ದ. ದೊಡ್ಡಪ್ಪ ಕೈಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಅವರು ವಯಸ್ಸಿನಲ್ಲಿದ್ದಾಗ ಆಲೆಮನೆ ನಡೆಸಿದವರು. ಕೊಪ್ಪರಿಗೆ ಕೆಳಗೆ ಕಬ್ಬಿನ ಸಿಪ್ಪೆ ತಳ್ಳುತ್ತಾ ಕೂರುವವನು ಒಂದು ಗಳಿಗೆ ಮೈಮರೆತರೆ ಪಾಕ ಹೋಯಿತು, ಬೆಲ್ಲ ಕಪ್ಪಾಯಿತು. ಉರಿ ಹಾಕುವವನ ಕೂಲಿಯಲ್ಲಿ ಮಾತ್ರ ಯಾವತ್ತೂ ಚೌಕಾಸಿ ಮಾಡಬಾರದು ಅಂತ ಅವರಪ್ಪ ಹೇಳುತ್ತಿದ್ದರಂತೆ. "ರಾತ್ರಿ ಯಾರು ಕಾಯ್ತಾರೆ ಅಂತ ಕೇಳ್ಲಾ" ಅಂದರು. ಕೇಳಿದೆ. ನಾನೇ, ಸಂಜೆಯಿಂದ ಬೆಳಗಿನವರೆಗೆ, ಅಂದ ಆ ಹುಡುಗ. ದೊಡ್ಡಪ್ಪ ಅವನ ಭುಜ ತಟ್ಟಿ, ಮಂಡ್ಯದ ಕನ್ನಡದಲ್ಲೇ ಏನೋ ಶಹಬ್ಬಾಸ್ ಹೇಳಿದರು. ಅವನೂ ತಲೆ ಅಲ್ಲಾಡಿಸಿದ. ನನ್ನ ಅನುವಾದ ಇಬ್ಬರಿಗೂ ಬೇಕಾಗಲಿಲ್ಲ.

ಕುರಿ ಸಿಗುವ ಬಾರ್ಬೆಕ್ಯೂ ಅಮೆರಿಕದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಕೆಂಟಕಿಯ ಓವೆನ್ಸ್‌ಬರೋ ಊರಿನಲ್ಲಿ ಬಲಿತ ಕುರಿಯ ಮಾಂಸವನ್ನೇ ಹೊಗೆಯಲ್ಲಿ ಬೇಯಿಸುತ್ತಾರೆ, ಜೊತೆಗೆ ತೆಳ್ಳಗಿನ ಹುಳಿಹುಳಿ ರಸ ಒಂದನ್ನು ಕೊಡುತ್ತಾರೆ. ಟೆಕ್ಸಾಸಿನ ಬ್ರೇಡಿಯಲ್ಲಿ 1970ರ ದಶಕದಿಂದ ಪ್ರತಿ ಸೆಪ್ಟೆಂಬರ್ ಹೊತ್ತಿಗೆ ಮೇಕೆ ಮಾಂಸ ಬೇಯಿಸುವ ಸ್ಪರ್ಧೆಯೇ ನಡೆಯುತ್ತದೆ. ಮುಂದಿನ ಸಲ ದೊಡ್ಡಪ್ಪ ಬಂದರೆ ಕೆಂಟಕಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ. ಆ ರಸವನ್ನು ಅವರು ಸಾರು ಅಂತ ಒಪ್ಪುತ್ತಾರೋ ಇಲ್ಲವೋ ಬೇರೆ ಮಾತು.

ಇನ್ನು ಸರದಿ. ಆಸ್ಟಿನ್‌ನ ಫ್ರ್ಯಾಂಕ್ಲಿನ್ ಬಾರ್ಬೆಕ್ಯೂ 2009ರಲ್ಲಿ ರಸ್ತೆ ಬದಿಯ ಒಂದು ಟ್ರೇಲರ್‌ನಲ್ಲಿ ಶುರುವಾಯಿತು. 2015ರಲ್ಲಿ ಏರನ್ ಫ್ರ್ಯಾಂಕ್ಲಿನ್‌ಗೆ ಅಮೆರಿಕದ ಅಡುಗೆ ಲೋಕದ ದೊಡ್ಡ ಪ್ರಶಸ್ತಿ ಜೇಮ್ಸ್ ಬಿಯರ್ಡ್ ಬಂತು. ಬೆಳಗ್ಗೆಯೇ ಕುರ್ಚಿ ಹಾಕಿಕೊಂಡು ಕೂತು ಕಾಯುವವರ ಸಾಲು ಅಲ್ಲಿ ಮಾಮೂಲು. 2014ರ ಜುಲೈನಲ್ಲಿ ಒಬಾಮಾ ಬಂದು ಸಾಲು ಮುರಿದು ಮುಂದೆ ಹೋದರು, ಹಿಂದಿನವರ ಬಿಲ್ಲನ್ನೂ ತಾವೇ ಕೊಟ್ಟರು. ಸಾಲು ಮುರಿಯುವುದಕ್ಕೆ ಅಷ್ಟಾದರೂ ದಂಡ ಬೇಡವಾ. ಲೆಕ್ಸಿಂಗ್ಟನ್ ಅನ್ನುವ ಪುಟ್ಟ ಊರಿನ ಸ್ನೋಸ್ ಹೋಟೆಲ್ ವಾರಕ್ಕೆ ಒಂದೇ ದಿನ ತೆರೆಯುವುದು: ಶನಿವಾರ, ಬೆಳಗ್ಗೆ 8 ಗಂಟೆಗೆ. ಅಲ್ಲಿ ಮಾಂಸ ಬೇಯಿಸುವ, 1935ರಲ್ಲಿ ಹುಟ್ಟಿದ ಟೂಟ್ಸಿ ಟೊಮನೆಟ್ಸ್ ಎಂಬತ್ತು ದಾಟಿದ ಮೇಲೂ ಸಲಿಕೆಯಲ್ಲಿ ಕೆಂಡ ಹೊತ್ತು ಪಿಟ್‌ಗೆ ಹಾಕುತ್ತಿದ್ದವರು. ವಾರದ ದಿನಗಳಲ್ಲಿ ಶಾಲೆಯೊಂದರಲ್ಲಿ ನಿರ್ವಹಣೆ ಕೆಲಸ ಮಾಡುತ್ತಿದ್ದರು. 2008ರಲ್ಲಿ ಟೆಕ್ಸಾಸ್ ಮಂತ್ಲಿ ಪತ್ರಿಕೆ ಆ ಹೋಟೆಲನ್ನು ರಾಜ್ಯಕ್ಕೇ ಮೊದಲು ಅಂದಾಗ ಆ ಊರಿಗೆ ದಾರಿ ಹುಡುಕಿಕೊಂಡು ಜನ ಬಂದರು, ಇನ್ನೂ ಬರುತ್ತಿದ್ದಾರೆ.

ಬೆಳಗಿನ ಜಾವಕ್ಕೆ ಮಾಂಸಕ್ಕಾಗಿ ಸಾಲು ನಿಲ್ಲುವುದು ಬೆಂಗಳೂರಿನವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಹೊಸಕೋಟೆ ದಮ್ ಬಿರಿಯಾನಿಗೆ ಭಾನುವಾರ ಕತ್ತಲಲ್ಲೇ ಬೈಕ್ ಹತ್ತಿ ಹೋಗುವವರು ಎಷ್ಟು ಜನ ಬೇಕು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಮೂರು ಗಂಟೆ ಸಾಲಿನ ಕೊನೆಗೆ ಸಿಗುವ ಬ್ರಿಸ್ಕೆಟ್ಟಿಗೂ, ಹತ್ತು ನಿಮಿಷ ನಿಂತರೆ ಸಿಗುವ ಸಣ್ಣ ಊರಿನ ಒಳ್ಳೆಯ ಬ್ರಿಸ್ಕೆಟ್ಟಿಗೂ ಅಂಥ ವ್ಯತ್ಯಾಸ ಇಲ್ಲ. ಹಸಿವು ಜಾಸ್ತಿಯಾಗಿರುತ್ತದೆ, ಅಷ್ಟೇ. ಸಾಸೇಜಿನ ವಿಷಯದಲ್ಲಂತೂ ಹಳೇ ಊರುಗಳದ್ದೇ ಒಂದು ಕೈ ಮೇಲು.

2024ರ ನವೆಂಬರಿನಲ್ಲಿ, ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಮೊದಲ ಸಲ ಟೆಕ್ಸಾಸಿಗೆ ಬಂತು. ನಾಲ್ಕು ಬಾರ್ಬೆಕ್ಯೂ ಹೋಟೆಲುಗಳಿಗೆ ಒಂದೊಂದು ನಕ್ಷತ್ರ ಸಿಕ್ಕಿತು. ಆಸ್ಟಿನ್‌ನ ಮೂರು, ಇನ್ನೊಂದು ಹ್ಯೂಸ್ಟನ್ ಹತ್ತಿರದ ಸ್ಪ್ರಿಂಗ್‌ನದ್ದು. ಬಿಳಿ ಮೇಜುಬಟ್ಟೆ, ಮಾತಾಡಿದರೆ ಕೇಳಿಸದಂಥ ವೇಟರುಗಳು ಇರುವ ಕಡೆ ಹೋಗುವ ನಕ್ಷತ್ರ ಇದು. ಈಗ ಕಾಗದದ ಮೇಲೆ ಕೈಯಲ್ಲಿ ತಿನ್ನುವ ಕಡೆಗೂ ಬಂದಿದೆ. ಖುಷಿಯೇ. ಭಯವೂ ಇದೆ. ನಕ್ಷತ್ರದ ಹಿಂದೆಯೇ ರಿಸರ್ವೇಶನ್, ಅದರ ಹಿಂದೆ ಮೇಜುಬಟ್ಟೆ ಬರುತ್ತದೆ ಅನ್ನುವ ಭಯ.

ಬೆಲೆಯಂತೂ ಆಗಲೇ ಬಂದಿದೆ. ಹೆಸರಾದ ಕಡೆ ಬ್ರಿಸ್ಕೆಟ್ ಪೌಂಡಿಗೆ 30 ಡಾಲರ್ ದಾಟಿ ವರ್ಷಗಳಾದವು. ನನ್ನ ಹೊಟ್ಟೆ ಉರಿಯುತ್ತದೆ, ಆದರೆ ಲೆಕ್ಕ ಹಾಕಿದರೆ ಬಾಯಿ ಮುಚ್ಚಬೇಕಾಗುತ್ತದೆ. ಹಸಿ ಬ್ರಿಸ್ಕೆಟ್ ಒಂದು ಐದೂವರೆ ಆರು ಕೆಜಿ ತೂಗುತ್ತದೆ. ಕೊಬ್ಬು ಸವರಿ, ರಾತ್ರಿಯೆಲ್ಲ ಬೆವರು ಹರಿದು, ಹಲಗೆಗೆ ಬರುವಾಗ ಹೆಚ್ಚುಕಡಿಮೆ ಅರ್ಧ ಉಳಿದಿರುತ್ತದೆ. ಆ ಅರ್ಧದಲ್ಲಿ ಕಟ್ಟಿಗೆ, ರಾತ್ರಿಪಾಳಿಯ ಸಂಬಳ, ಹೋಟೆಲ್ ಬಾಡಿಗೆ ಎಲ್ಲ ಗಿಟ್ಟಬೇಕು. ಹಾಗಾಗಿ ನಾವು ಈಗ ಹೋಗುವುದು ವಾರದ ದಿನ, ಹನ್ನೊಂದಕ್ಕೆ, ದೊಡ್ಡ ಹೆಸರಿಲ್ಲದ ಕಡೆ. ನನಗೆ ಕಾಲು ಪೌಂಡ್ ಕೊಬ್ಬಿನ ಬ್ರಿಸ್ಕೆಟ್ ಮತ್ತು ಒಂದು ಸಾಸೇಜ್. ಹೆಂಡತಿಗೆ ಅರ್ಧ ಪೌಂಡ್ ಟರ್ಕಿ. ಮಕ್ಕಳಿಗೆ ಮ್ಯಾಕರೋನಿ, ಆಮೇಲೆ ನಮ್ಮಿಬ್ಬರ ಟ್ರೇಯಿಂದ ಕದ್ದದ್ದು. ಬಿಸಿಲು ಏರುವುದರೊಳಗೆ ಮನೆಗೆ ವಾಪಸ್. ಅಂಗಿಗೆ ಹತ್ತಿದ ಓಕ್ ಹೊಗೆ ಒಂದು ಒಗೆತಕ್ಕೆ ಹೋಗುವುದಿಲ್ಲ, ಆಫೀಸಿಗೆ ಹಾಕುವ ಬಟ್ಟೆಯಲ್ಲಿ ಹೋಗಬೇಡಿ.